ಎಡಪಕ್ಕೆಯ ಎರಡು ಎಲುಬು

ಮಲ್ಲೇಶ್ವರಿ ಕುಕನೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಮೂವತ್ತೈದು ದಾಟಿದ ಮೇಲೆ ಮದುವೆಯಾದವಳು. ಗಂಡ ಹಾಲೇಶನಿಗೆ ಬಸ್ ನಿಲ್ದಾಣದ ಹತ್ತಿರ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಒಳ್ಳೆಯವನು, ಆದರೆ ಮಾತು ಕಡಿಮೆ. ಮದುವೆಯಾಗಿ ವರ್ಷವಾಗುತ್ತ ಬಂದಿದ್ದರೂ ಇಬ್ಬರ ನಡುವೆ ಒಂದು ಸಂಕೋಚ ಹಾಗೇ ಉಳಿದಿತ್ತು. ಉಂಡೆದ್ದು “ಪಲ್ಯ ಛಲೋ ಆಗೇತಿ” ಅನ್ನುವನು, ಅಂಗಡಿಗೆ ಹೋಗುವನು. ಅವನ ಮನಸ್ಸಿನಲ್ಲಿ ಏನಿದೆಯೆಂದು ಕೇಳಲು ಅವಳಿಗೂ ಬಾಯಿ ಬರುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹಾಲೇಶ ಮಾಳಿಗೆಯ ಮೇಲಿನ ನೀರಿನ ಟಾಕಿ ತೊಳೆದು ಇಳಿಯುವಾಗ ಏಣಿ ಜಾರಿತು. ಅವನ ಎಡಪಕ್ಕೆ ಗೋಡೆಯ ಅಂಚಿಗೆ ಬಡಿಯಿತು. ಸದ್ದು ಕೇಳಿ ಮಲ್ಲೇಶ್ವರಿ ಮೇಲೆ ಓಡಿದಾಗ ಅವನು ನೆಲಕ್ಕೆ ಕೂತು, ಬಾಯಿ ತೆರೆದು, ಸಿಗದ ಉಸಿರಿಗಾಗಿ ಒದ್ದಾಡುತ್ತಿದ್ದ.

ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರ್ ಖುರ್ಷಿದಾ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

“ಬೆನ್ನುಮೂಳಿ ಛಲೋ ಐತ್ರಿ, ಒಂದು ಮಣಿನೂ ಸರದಿಲ್ಲ. ಎಡಕ್ಕ ಏಳನೇದು, ಎಂಟನೇದು, ಈ ಎರಡು ಪಕ್ಕೆಲುಬು ಸೀಳ್ಯಾವ ನೋಡ್ರಿ.”

ಹನ್ನೆರಡು ಜೊತೆ ಪಕ್ಕೆಲುಬುಗಳು ಬೆನ್ನುಮೂಳೆಯಿಂದ ಹೊರಟು ಬಾಗಿ ಮುಂದಕ್ಕೆ ಬರುವ ಚಿತ್ರಪಟವನ್ನು ಮಲ್ಲೇಶ್ವರಿ ವರ್ಷ ವರ್ಷವೂ ಮಕ್ಕಳಿಗೆ ತೋರಿಸಿದವಳು. ಆದರೆ ಇದು ಹಾಲೇಶನ ಎದೆ. ಎಲುಬುಗಳ ಹಿಂದೆ, ನಡುವಿನಿಂದ ತುಸು ಎಡಕ್ಕೆ, ಅವನ ಹೃದಯ ಬೆಳ್ಳಗೆ ಮಸುಕಾಗಿ ಕಾಣುತ್ತಿತ್ತು. ಅದನ್ನು ನೋಡಿ ಅವಳಿಗೆ ಯಾಕೋ ನಾಚಿಕೆಯಾಯಿತು.

“ಪ್ಲಾಸ್ಟರ್ ಯಾವಾಗ ಹಾಕ್ತೀರಿ?” ಎಂದು ಕೇಳಿದಳು.

“ಪಕ್ಕೆಲುಬಿಗೆ ಪ್ಲಾಸ್ಟರ್ ಇಲ್ರಿ, ಪಟ್ಟಿನೂ ಕಟ್ಟಬಾರದು. ಉಸಿರು ಆಡೋತನಕ ಅವು ಆಡಬೇಕು. ನೂವಿಗೆ ಗುಳಿಗಿ ಕೊಡ್ತೀನಿ. ತಾಸಿಗೊಮ್ಮೆ ದೊಡ್ಡ ಉಸಿರು ತಗೋಬೇಕು, ಕೆಮ್ಮು ಬಂದ್ರ ದಿಂಬು ಒತ್ತಿ ಹಿಡಕೊಂಡು ಕೆಮ್ಮಬೇಕು. ನೂವು ಅಂತ ಸಣ್ಣ ಉಸಿರಿನಾಗ ಕುಂತ್ರೋ, ಎದಿಯಾಗ ಕಫ ಕಟ್ಟತೈತಿ.”

ಮನೆಗೆ ಬರುವಷ್ಟರಲ್ಲಿ ಅತ್ತೆ ವಿರೂಪಾಕ್ಷಮ್ಮ ಹಳೆಯ ಧೋತರ ಹರಿದು ಅಗಲವಾದ ಪಟ್ಟಿ ಮಾಡಿಟ್ಟಿದ್ದರು.

“ಮುರದದ್ದನ್ನ ಬಿಗಿಯಾಗಿ ಕಟ್ಟದ ಹೆಂಗ ಕೂಡತಾವ? ಎತ್ತು ಅವನ ಅಂಗಿ.”

“ಬ್ಯಾಡ್ರಿ ಅತ್ತಿ. ಡಾಕ್ಟರ್ ಕಟ್ಟಬಾರದು ಅಂದಾರ.”

ಆ ಮನೆಯಲ್ಲಿ ಅವಳು ಹೇಳಿದ ಮೊದಲನೆಯ ‘ಬ್ಯಾಡ’ ಅದು. ವಿರೂಪಾಕ್ಷಮ್ಮನ ಮುಖ ಬಿಗಿಯಾಯಿತು. ಮಲ್ಲೇಶ್ವರಿ ಹತ್ತಿರ ಹೋಗಿ ಅವರ ಎರಡೂ ಕೈಗಳನ್ನು ತಗೊಂಡು ತನ್ನ ಪಕ್ಕೆಗಳ ಮೇಲೆ ಇಟ್ಟುಕೊಂಡಳು. ಆಮೇಲೆ ನಿಧಾನವಾಗಿ ಉಸಿರು ಎಳೆದಳು.

“ಗೊತ್ತಾತೇನ್ರಿ? ಬಕೀಟಿನ ಹಿಡಿಕಿ ಎತ್ತಿದಂಗ ಎರಡೂ ಕಡೆ ಮ್ಯಾಲೆ ಏಳತಾವ. ಕಟ್ಟಿಬಿಟ್ರ ಗಾಳಿಗೆ ಜಾಗಾನ ಇರೂದಿಲ್ಲ.”

ಮುದುಕಿಯ ಕೈ ಅಲ್ಲೇ ಉಳಿಯಿತು. ಸೊಸೆಯ ಇನ್ನೊಂದು ಉಸಿರು, ಮತ್ತೊಂದು ಉಸಿರು ಅವರ ಅಂಗೈಯನ್ನು ಮೆಲ್ಲಗೆ ಎತ್ತಿ ಇಳಿಸಿತು.

“ಇವ ಹೊಟ್ಟ್ಯಾಗ ಇದ್ದಾಗ ಒದೀತಿದ್ದದ್ದು ಇಲ್ಲೇ ನೋಡು,” ಎಂದರು ಅವರು, ಸೊಸೆಯ ಕೆಳಪಕ್ಕೆಯನ್ನು ಬೆರಳಿನಿಂದ ಮುಟ್ಟಿ. “ನನಗ ಉಸಿರ ಸಾಲತಿರಲಿಲ್ಲ.” ಹಾಗಂದು ಪಟ್ಟಿಯನ್ನು ಸುತ್ತಿ ಒಳಗಿಟ್ಟರು.

ಕಷ್ಟ ಕೊಟ್ಟವನು ಹಾಲೇಶನೇ. ನೋವು ಇದೆಯೆಂದು ಹೇಳುತ್ತಿರಲಿಲ್ಲ. ಕೇಳಿದರೆ “ಆರಾಮ ಅದೀನಿ” ಅನ್ನುತ್ತಿದ್ದ. ನೋವು ತಪ್ಪಿಸಲು ಚೂರು ಚೂರೇ ಉಸಿರಾಡುತ್ತಿದ್ದ, ಬಂದ ಕೆಮ್ಮನ್ನು ನುಂಗುತ್ತಿದ್ದ. ವಾರ ಕಳೆಯುವುದರೊಳಗೆ ಮೈ ಬಿಸಿಯಾಯಿತು. ಡಾಕ್ಟರ್ ಖುರ್ಷಿದಾ ಮತ್ತೆ ನೋಡಿ, ಔಷಧಿ ಬರೆದು, ಈ ಸಲ ಗದರಿಯೇ ಕಳಿಸಿದರು.

ಮರುದಿನ ಮಲ್ಲೇಶ್ವರಿ ರಜೆ ಹಾಕಿದಳು. ಮಧ್ಯಾಹ್ನ ಅವನು ಮಂಚದ ಮೇಲೆ ಕೂತಿದ್ದ. ಮಲಗಿದರೆ ನೋವು, ಗೋಡೆಗೆ ಒರಗಿದರೂ ನೋವು. ಅವಳು ಮಂಚ ಹತ್ತಿ ಅವನ ಹಿಂದೆ ಕೂತು, ಅವನ ಬೆನ್ನಿಗೆ ತನ್ನ ಬೆನ್ನು ಕೊಟ್ಟಳು.

“ಒರಗ್ರಿ.”

“ನಿನಗ ಭಾರ ಆಕ್ಕೇತಿ.”

“ಆಗಲಿ. ಒರಗ್ರಿ.”

ಅವನು ಅಳುಕುತ್ತ ಒರಗಿದ. ತೆಳು ಬಟ್ಟೆಯ ಮೂಲಕ ಅವನ ಬೆನ್ನುಮಣಿಗಳು ಒಂದೊಂದಾಗಿ ಅವಳಿಗೆ ತಾಕಿದವು. ಅವನ ಉಸಿರು ಎಷ್ಟು ಗಿಡ್ಡದೆಂದು ಅವಳ ಬೆನ್ನಿಗೇ ತಿಳಿಯಿತು. ಅವಳು ಆಳವಾಗಿ ಉಸಿರೆಳೆದು ತಡೆದು ಬಿಟ್ಟಳು.

“ನನ್ನ ಜೋಡಿ ತಗೋರಿ. ನಾ ಬಿಟ್ಟಾಗ ಬಿಡ್ರಿ.”

ಮೊದಲು ಅವನು ಅರ್ಧಕ್ಕೇ ನಿಂತುಬಿಟ್ಟ. ಅವಳು ಕಾದಳು. ಮತ್ತೆ ಎಳೆದರು. ಸ್ವಲ್ಪ ಹೊತ್ತಿಗೆ ಅವನ ಪಕ್ಕೆ ಹಿಗ್ಗಿ ಅವಳ ಬೆನ್ನನ್ನು ದೂಡತೊಡಗಿತು. ಜೊತೆಗೇ ಕೆಮ್ಮು ಬಂತು. ಅವನು ದಿಂಬು ಅವುಚಿಕೊಂಡು ಕೆಮ್ಮಿದ, ಕಫ ಬಂತು, ಕಣ್ಣಲ್ಲಿ ನೀರು ಬಂತು.

“ಭಾಳ ನೂಯತೈತಿ, ಮಲ್ಲೂ,” ಎಂದ.

ಅವನು ಹಾಗೆ ಕರೆದದ್ದು ಅದೇ ಮೊದಲು. ಅವಳು ತಿರುಗಿ ನೋಡಲಿಲ್ಲ, ನೋಡಿದರೆ ಅವನು ಮತ್ತೆ ಸುಮ್ಮನಾಗಿಬಿಡುತ್ತಾನೆಂದು.

“ಅಷ್ಟು ಎತ್ತರ ಒಬ್ಬರ ಯಾಕ ಹತ್ತಿದ್ರಿ?”

“ಜಳಕದ ನೀರು ವಾಸನಿ ಬರತೈತಿ ಅಂತ ನೀ ಅವ್ವನ ಮುಂದ ಅಂದಿದ್ದಿ.”

ಅಂದದ್ದು ಅವಳಿಗೆ ನೆನಪೇ ಇರಲಿಲ್ಲ. ಅವಳ ಉಸಿರೇ ಲಯ ತಪ್ಪಿತು. ಹಿಂದಿನಿಂದ ಅವನು, “ಯಾಕ, ಟೀಚರ್ ಈಗ ತಪ್ಪಿದ್ರಲ್ಲ,” ಎಂದ. ಅವಳಿಗೆ ನಗು ಬಂತು, ಅವನಿಗೂ ಬಂತು. ನಕ್ಕರೆ ಪಕ್ಕೆ ನೋಯುತ್ತದೆಂದು ಇಬ್ಬರೂ ನಗು ತಡೆಯಲು ಹೆಣಗಿದರು. ಆ ದಿನದಿಂದ ಶಾಲೆ ಮುಗಿದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು ರೂಢಿಯಾಯಿತು. ಉಸಿರಿನ ನಡುವೆ ಅವನು ಮಾತಾಡತೊಡಗಿದ: ಅಂಗಡಿಗೆ ಬರುವವರ ಬಗ್ಗೆ, ಚಿಕ್ಕಂದಿನಲ್ಲೇ ತೀರಿಕೊಂಡ ಅಪ್ಪನ ಬಗ್ಗೆ. ಜ್ವರ ಇಳಿಯಿತು.

ಎರಡು ತಿಂಗಳಾದ ಮೇಲೆ ಡಾಕ್ಟರ್ ಎಲುಬು ಕೂಡಿವೆ ಎಂದರು. ವಾಪಸು ಬರುವಾಗ ದಾರಿಯಲ್ಲಿ ಬಸ್ ಬದಲಿಸಬೇಕಿತ್ತು. ಕಾಯುತ್ತ ನಿಂತಲ್ಲೇ ಮಿರ್ಚಿ ಕರಿಯುವ ಬಂಡಿ. ಘಾಟು ಮೂಗಿಗೆ ಬಡಿದು ಹಾಲೇಶನಿಗೆ ಜೋರಾಗಿ ಸೀನು ಬಂತು. ಮಲ್ಲೇಶ್ವರಿಯ ಕೈ ತಾನಾಗಿಯೇ ಹಾರಿ ಅವನ ಎಡಪಕ್ಕೆಯನ್ನು ಹಿಡಿದುಕೊಂಡಿತು.

ಅವನು ಒಂದು ಕ್ಷಣ ಕಾದು ನೋಡಿದ.

“ಏನೂ ನೂಯಲಿಲ್ಲ,” ಎಂದ.

ಬಂಡಿಯವನು ನೋಡುತ್ತಿದ್ದ, ಬಸ್ಸಿಗೆ ನಿಂತ ಜನರೂ ನೋಡುತ್ತಿದ್ದರು. ಅವಳು ಕೈ ತೆಗೆಯಲು ಹೋದಳು. ಹಾಲೇಶ ಅದರ ಮೇಲೆ ತನ್ನ ಕೈ ಇಟ್ಟು, “ಇರಲಿ ಬಿಡು,” ಎಂದು, ಬಂಡಿಯವನಿಗೆ ಎರಡು ಪ್ಲೇಟ್ ಹೇಳಿದ.