ವಿರಾಮದ ಗುಂಡಿ ಒತ್ತುವ ಮುನ್ನ

ನಮ್ಮ ಓಣಿಯಲ್ಲಿ ಸದ್ದಿಲ್ಲದ ಹೊತ್ತೇ ಇಲ್ಲ. ಪಕ್ಕದ ಮನೆಯವನು ಸಾಕಿದ ಕಾಳಗದ ಹುಂಜಗಳು ಹಗಲೆಲ್ಲ ಕೂಗುತ್ತವೆ. ಮೂಲೆಯ ಅಂಗಡಿಯವನು ಬೆಳಗಾದರೆ ಸಾಕು, ಹಾಡು ಹಾಕಿ ಊರಿಗೆಲ್ಲ ಕೇಳಿಸುತ್ತಾನೆ. ಸಾಂತಿಯಾಗೊ ಪಟ್ಟಣದ ನಮಗೆ ಇದು ರೂಢಿ. ಫೋನಿನ ಆಚೆ ತುದಿಯಲ್ಲಿರುವ ಪರದೇಶದ ಗಿರಾಕಿಗೆ ರೂಢಿಯಿಲ್ಲ, ತೊಂದರೆ ಶುರುವಾಗಿದ್ದೇ ಅಲ್ಲಿ.

ಯುದೆಲ್ಕಾ ಮನೆಯಲ್ಲೇ ಕೂತು ಒಂದು ಫ್ರಿಜ್ ಕಂಪನಿಯ ಗಿರಾಕಿಗಳ ದೂರು ಕೇಳುವ ಕೆಲಸ ಮಾಡುತ್ತಾಳೆ. ಮಾತಿನ ನಡುವೆ ಹುಂಜದ ಕೂಗು ಕೇಳಿಸಿದರೆ ಕಂಪನಿಯವರು ಅಂಕ ಕಳೆಯುತ್ತಾರೆ. ಅದಕ್ಕೆ ಈ ಕೆಲಸದಲ್ಲಿರುವ ನಮ್ಮ ಓಣಿಯ ಹುಡುಗಿಯರು ಒಂದು ಉಪಾಯ ಮಾಡಿಕೊಂಡಿದ್ದರು. ಸದ್ದು ಶುರುವಾದರೆ ಕಂಪ್ಯೂಟರಿನಲ್ಲಿ ವಿರಾಮದ ಗುಂಡಿ ಒತ್ತುವುದು. ಆಗ ಹೊಸ ಕರೆ ಬರುವುದಿಲ್ಲ. ಸದ್ದು ತಗ್ಗುವವರೆಗೆ ಹಿಂದಿನ ಕರೆಗಳ ವಿವರ ಬರೆದು ಮುಗಿಸುವುದು. ಮೇಲ್ವಿಚಾರಕ ವಿಲ್ಕಿನ್ ಕೂಡ ಹಾಗೇ ಮಾಡಿ ಎಂದು ಎಲ್ಲರ ಫೋನಿಗೂ ತನ್ನ ದನಿಯಲ್ಲೇ ಸಂದೇಶ ಕಳಿಸಿದ್ದ. ಗುಂಡಿ ಒತ್ತಿದ ಕೂಡಲೇ ಸಂಬಳದ ಗಡಿಯಾರವೂ ನಿಲ್ಲುತ್ತದೆ ಎಂಬುದನ್ನು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಓಣಿಯ ಸದ್ದಿಗೆ ತಾವೇ ನಾಚಿಕೊಂಡು ತಮ್ಮ ಅನ್ನಕ್ಕೆ ತಾವೇ ಕಲ್ಲು ಹಾಕಿಕೊಂಡರು.

ತಿಂಗಳು ತಿಂಗಳೂ ಸಂಬಳ ಕರಗುತ್ತಾ ಬಂದು, ಒಂದು ತಿಂಗಳು ಕೈಗೆ ಬಂದ ಪೆಸೊ ಬಾಡಿಗೆಗೂ ಸಾಲಲಿಲ್ಲ. ಯಾಕೆಂದು ಯುದೆಲ್ಕಾ ಕೇಳಿದ್ದಕ್ಕೆ ಕಂಪನಿಯಿಂದ ಒಂದು ಒಪ್ಪಿಗೆ ಪತ್ರ ಬಂತು. ವಿರಾಮದ ಹೊತ್ತೆಲ್ಲ ನನ್ನ ಸ್ವಂತ ವಿಶ್ರಾಂತಿಯಾಗಿತ್ತು ಎಂದು ಅವಳು ಶುಕ್ರವಾರದೊಳಗೆ ಒಪ್ಪಬೇಕು. ಒಪ್ಪಿದರೆ ಸಂಬಳ ಹೋಯಿತು. ಒಪ್ಪದಿದ್ದರೆ ಕೆಲಸ ಉಳಿಯುತ್ತದೋ ಇಲ್ಲವೋ. ಆ ಮನೆ ನಡೆಯುವುದು ಅವಳ ದುಡಿಮೆಯಿಂದಲೇ.

ಅವಳ ತಾಯಿ ತೊಮಾಸಿನಾ, ಓಣಿಯವರೆಲ್ಲ ಗೌರವದಿಂದ ದೊನ್ಯಾ ಎನ್ನುವವರು, ಸುಮ್ಮನೆ ಒಪ್ಪಿಬಿಡು ಅಂದರು. ದೊಡ್ಡವರನ್ನು ಎದುರು ಹಾಕಿಕೊಂಡು ಉದ್ಧಾರವಾದವರಿಲ್ಲ ಎಂಬುದು ಅವರ ಮತ. ಕಾರ್ಮಿಕ ಸಂಘದ ಕಚೇರಿಯಲ್ಲಿರುವ ಗೆಳತಿ ಬೆಲ್ಕಿಸ್ ಮನೆಗೆ ಬಂದಾಗ ಅವಳಿಗೆ ಕಾಫಿ ಕೊಟ್ಟು ಅದನ್ನೇ ಹೇಳಿದರು.

"ಫ್ಯಾನ್ ಕೆಳಗೆ ಕೂತು ಮಾತಾಡೋದೂ ಒಂದು ಕೆಲಸಾನಾ ಮಗಳೇ? ಮಧ್ಯ ಎದ್ದು ಒಲೆ ಮೇಲಿನ ಕಾಳೂ ತಿರುವಿ ಹೋಗ್ತಾಳೆ."

ಕಾಳು ತಿರುವಿದ ಹೊತ್ತು ಯುದೆಲ್ಕಾಳದು, ಅದಕ್ಕೆ ಕೂಲಿ ಕೇಳುವಂತಿಲ್ಲ ಎಂದು ಬೆಲ್ಕಿಸ್ ಒಪ್ಪಿಕೊಂಡಳು. ಆಮೇಲೆ ದೊನ್ಯಾ ಹಿಂದೆ ಸಿರಿವಂತರ ಮನೆಯಲ್ಲಿ ಅಡುಗೆ ಮಾಡುತ್ತಿದ್ದುದನ್ನು ವಿಚಾರಿಸಿದಳು. ಊಟಕ್ಕೆ ಕರೆದ ನೆಂಟರು ತಡ ಮಾಡಿದರೆ ಆಗೇನು ಮಾಡುತ್ತಿದ್ದಿರಿ ಎಂದು ಕೇಳಿದಳು.

"ಪಾತ್ರೆ ಮುಚ್ಚಿಟ್ಟು ಅಡುಗೆಮನೇಲೇ ಕೂತಿರ್ತಿದ್ದೆ," ಅಂದರು ದೊನ್ಯಾ.

"ಎದ್ದು ಮನೆಗೆ ಬರಬಹುದಿತ್ತಲ್ಲ?"

"ಹೇಗೆ ಬರ್ಲಿ? ಯಾವಾಗ ಕರೀತಾರೋ ಏನೋ."

"ಅಂದ್ಮೇಲೆ ಆ ಹೊತ್ತು ನಿಮ್ಮದಲ್ಲ, ಅವರದು. ಇವಳಂತೂ ಸುಮ್ನೆ ಕಾಯ್ತಾನೂ ಇರ್ಲಿಲ್ಲ. ಅವರ ಕೆಲಸಾನೇ ಮಾಡ್ತಿದ್ಲು."

ದೊನ್ಯಾ ಲೋಟ ತೊಳೆಯಲು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಬೆಲ್ಕಿಸ್ ಯುದೆಲ್ಕಾಗೆ ಹೇಳಿದ್ದು ಇಷ್ಟು. ಲೆಕ್ಕ ಅರ್ಥವಾಗದೆ ಪತ್ರಕ್ಕೆ ಒಪ್ಪಿಗೆ ಕೊಡಬೇಡ. ಗಂಟೆಗಳನ್ನು ಹೇಗೆ ಲೆಕ್ಕ ಹಾಕಿದಿರಿ ಎಂದು ಬರಹದಲ್ಲೇ ಕೇಳು. ವಿಲ್ಕಿನ್‌ನ ದನಿಯ ಸಂದೇಶ ಅಳಿಸಬೇಡ. ನೀನು ಬರೆದ ಪ್ರತಿ ವಿವರದ ಮೇಲೂ ಬರೆದ ಹೊತ್ತು ಇರುತ್ತದೆ, ಅದನ್ನು ತೋರಿಸಿ ಎಂದು ಕೇಳು. ಒಬ್ಬಳೇ ಹೋಗಬೇಡ.

ವಿಲ್ಕಿನ್ ಫೋನ್ ಮಾಡಿ, ಗುಂಡಿ ಒತ್ತಿದ್ದು ನೀನೇ ತಾನೆ ಎಂದು ದಬಾಯಿಸಿದ. ಏನಿದ್ದರೂ ಬರೆದು ಕಳಿಸಿ ಎಂದಳು ಯುದೆಲ್ಕಾ. ಅವನು ಬರೆಯಲಿಲ್ಲ. ಶುಕ್ರವಾರ ಓಣಿಯ ಹುಡುಗಿಯರೆಲ್ಲ ಸೇರಿ ಕಾರ್ಮಿಕ ಇಲಾಖೆಗೆ ಹೋದರು. ಬೆಲ್ಕಿಸ್ ಜೊತೆ ನಾನೂ ಹೋದೆ. ಮುಂದೆ ನಿಂತವರು ದೊನ್ಯಾ. ಇಲಾಖೆಯ ಅಧಿಕಾರಿ ಕಂಪನಿಯವರನ್ನು ಕರೆಸಿ, ವಿಲ್ಕಿನ್‌ನ ದನಿಯ ಸಂದೇಶವನ್ನು ಅವರೆದುರೇ ಹಾಕಿಸಿದರು. ಆ ಹೊತ್ತೂ ಕೆಲಸವೇ ಎಂದು ಕಂಪನಿಯವರು ಒಪ್ಪಬೇಕಾಯಿತು.

ಹಿಡಿದಿಟ್ಟ ಸಂಬಳ ಬಂತು, ಕೆಲಸವೂ ಉಳಿಯಿತು. ಆದರೆ ಎಲ್ಲವೂ ಬರಲಿಲ್ಲ. ತೀರ ಹಳೆಯ ತಿಂಗಳುಗಳ ಬಾಕಿಗೆ ದೂರು ಕೊಡುವ ಗಡುವು ದಾಟಿತ್ತು.

ಇಲಾಖೆಯಿಂದ ಹಿಂತಿರುಗುವಾಗ ಬಸ್ಸಿನಲ್ಲಿ ದೊನ್ಯಾ ಬೆಲ್ಕಿಸ್‌ಳನ್ನು ಮೆಲ್ಲಗೆ ಕೇಳಿದರು. "ನಾನು ಆ ಅಡುಗೆಮನೇಲಿ ಕೂತಿದ್ದೆನಲ್ಲ, ಅದಕ್ಕೆ ಈಗ ಕೇಳಬಹುದಾ ಮಗಳೇ?"

"ಇಲ್ಲ ದೊನ್ಯಾ. ಹೊತ್ತು ಮೀರಿತು."

ದೊನ್ಯಾ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಹಿಂದಿನ ಸೀಟಿನಲ್ಲಿ ಕೂತಿದ್ದ ನನಗೂ ಅದು ಕೇಳಿಸಿತು. ಅಡುಗೆಗಿದ್ದ ಕಾಲದಲ್ಲಿ ಅವರಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಮನೆಯಲ್ಲಿ ಕೂತು ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೆ ಈಗ ಹೇಳಿದ್ದೇವೆ. ಬೇರೆಯವರ ಕೆಲಸಕ್ಕೆ ಕೊಟ್ಟ ಹೊತ್ತನ್ನು ವಿಶ್ರಾಂತಿ ಎಂದು ನೀವೇ ಬರೆದುಕೊಡಬೇಡಿ. ಈ ತಿಂಗಳ ಲೆಕ್ಕವನ್ನು ಈ ತಿಂಗಳೇ ಕೇಳಿ, ನಾಲ್ಕು ಜನ ಸೇರಿ ಕೇಳಿ. ದೊನ್ಯಾ ತೊಮಾಸಿನಾಗೆ ಮೀರಿದ ಹೊತ್ತು ನಿಮಗಿನ್ನೂ ಮೀರಿಲ್ಲ.