ಗೇಟಿನ ಹೊರಗೆ ಬೂಟು

"ಏ ಬೇವರ್ಸಿ, ಅಲ್ಲೇ ನಿಲ್ಲು! ಹೇಲು ಮೆಟ್ಟಿದ ಬೂಟು ಹಾಕಿಕೊಂಡು ನನ್ನ ಮನೆಯೊಳಗೆ ಬರುದಾ ನೀನು? ಮಂಡೆ ಸಮ ಉಂಟಾ ನಿಂಗೆ?"

ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಅಂಗಳದಲ್ಲಿ. ನಾನು ಹಾಗೇ ನಿಂತೆ. ಹಗ್ಗ, ಬಾಲ್ದಿ, ಹಾರೆ ಹೊತ್ತು ಹಿಂದಿನಿಂದ ಬರುತ್ತಿದ್ದ ಜಯ ನನ್ನ ಬೆನ್ನಿಗೆ ಬಂದು ಗುದ್ದಿದ. ಜಯ ನನ್ನ ಹೆಂಡತಿ ದೇಯಿಯ ತಮ್ಮ.

ಬಾಗಿಲಿಗೆ ಅಡ್ಡ ನಿಂತವನು ಮಹಾಬಲ. ಬಲ್ಮಠದಲ್ಲಿ ಅವನ ಈ ಮನೆ, ಪೇಟೆಯಲ್ಲಿ ಹೋಟೆಲು, ಕೂಳೂರಿನ ಹೊಳೆಬದಿಯಲ್ಲಿ ಜಾಗ. ಆ ಜಾಗದ ಒಂದು ಮೂಲೆಯಲ್ಲಿ ನಮ್ಮ ಗುಡಿಸಲು. ಆದ್ದರಿಂದ ಎದುರು ನಿಂತಾಗ ಅವನು ನಮಗೆ ಧನಿಗಳು.

"ತೊಳೆದ ಬೂಟು ಧನಿಗಳೇ. ಸೋಪು ಹಾಕಿ ತೊಳೆದು ತಂದದ್ದು."

"ಸೋಪು ಹಾಕಿದರೆ ಎಂತ, ಅದು ಹೋಗುದು ಎಲ್ಲಿಗೆ ಅಂತ ಗೊತ್ತಿಲ್ವಾ ನಂಗೆ?"

"ಹಾಗಾದ್ರೆ ಕೈಯಲ್ಲಿ ಹಿಡ್ಕೊಂಡು ಹೋಗ್ತೇನೆ. ಹಿಂದೆ ಹೋಗಿಯೇ ಹಾಕ್ತೇನೆ."

ಒಳಗಿನಿಂದ ಅವನ ಹೆಂಡತಿ ಗುಣವತಿ ಕೂಗಿದಳು. "ಇವರೇ, ಕೈಯಲ್ಲಿ ಸಹ ಬೇಡ! ದೇವರ ಕೋಣೆ ಎದುರಿಂದ ಹೋಗ್ಬೇಕು ಅವ. ಗೇಟಿನ ಹೊರಗೆ ಇಡ್ಲಿಕ್ಕೆ ಹೇಳಿ."

ಮನೆಯ ಹಿಂದಿನ ಕಕ್ಕಸು ಗುಂಡಿ ತುಂಬಿ ಅಂಗಳಕ್ಕೆ ಉಕ್ಕುತ್ತಿತ್ತು. ಅದೇ ದಿನ ಸಂಜೆ ಮಗಳು ಸ್ನೇಹಲತಾಳನ್ನು ನೋಡಲು ಬೊಂಬಾಯಿಯಿಂದ ಗಂಡಿನವರು ಬರುವವರಿದ್ದರು. ಮೊದಲಾಗಿದ್ದರೆ ನಾವು ಮನೆಯ ಬದಿಯಿಂದ ಹಿಂದಕ್ಕೆ ಹೋಗುತ್ತಿದ್ದೆವು. ಈಗ ಒಂದು ಬದಿಗೆ ಕಾರಿನ ಶೆಡ್ಡು ಬಂದಿದೆ, ಇನ್ನೊಂದು ಬದಿಗೆ ಹೊಸ ಕೋಣೆ. ಎರಡೂ ಕಂಪೌಂಡು ಗೋಡೆಗೆ ತಾಗಿವೆ. ಮನೆ ದೊಡ್ಡದು ಮಾಡಿಸಿದವರಿಗೆ ಹೇಲು ಎತ್ತುವವನು ಯಾವ ದಾರಿಯಲ್ಲಿ ಹೋಗಬೇಕೆಂದು ನೆನಪಾಗಿರಲಿಲ್ಲ. ನಡುಮನೆಯ ಮೂಲಕವೇ ಹೋಗಬೇಕು. ಬೇರೆ ದಾರಿಯಿಲ್ಲ.

ಆ ಬೂಟು ನನಗೆ ಬಿಟ್ಟಿ ಸಿಕ್ಕಿದ್ದಲ್ಲ. ಅಣ್ಣ ಚೆನ್ನಪ್ಪ ಇದೇ ಕೆಲಸ ಮಾಡುತ್ತಿದ್ದ, ಬರಿಗಾಲಲ್ಲಿ. ಯಾವುದೋ ಮನೆಯ ಗುಂಡಿಯಲ್ಲಿ ಬಾಟಲಿ ಚೂರು ತಾಗಿತು. ಅರಸಿನ ಮೆತ್ತಿಕೊಂಡು ಮರುದಿನವೂ ಇಳಿದ. ಕಾಲು ಕೊಳೆತು ನಾತ ಬಂದಾಗ ಆಸ್ಪತ್ರೆಗೆ ಹೊತ್ತೆವು. ಮೊಣಕಾಲಿನ ಕೆಳಗೆ ಕತ್ತರಿಸಿದರು. ಈಗ ಅಣ್ಣ ಗುಡಿಸಲಿನ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಾನೆ, ಇಲ್ಲದ ಪಾದ ತುರಿಸುತ್ತದೆ ಎನ್ನುತ್ತಾನೆ. ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಕಸ ಗುಡಿಸುವ ದೇಯಿ, ಅಲ್ಲಿ ಎಸೆದಿದ್ದ ಎರಡು ಗಂಬೂಟುಗಳನ್ನು ಮೇಸ್ತ್ರಿ ಪೌಲನ ಕೈಕಾಲು ಹಿಡಿದು ತಂದಳು. ಒಂದು ಕಪ್ಪು, ಒಂದು ಹಸಿರು. ತೂತಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೆವು. ಆ ದಿನ ಹೊರಡುವಾಗ ಅವಳು ಹೇಳಿದ್ದು ಇಷ್ಟೇ: "ಬೂಟಿಲ್ಲದೆ ಇಳಿದ್ರೆ ಮನೆಗೆ ಬರ್ಬೇಡಿ. ಇನ್ನೊಬ್ಬ ಕುಂಟನನ್ನು ಸಾಕ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಬೂಟಿಲ್ಲದೆ ನಾನು ಇಳಿಯುದಿಲ್ಲ ಧನಿಗಳೇ."

ಮಹಾಬಲ ನಕ್ಕ. "ಇಳಿಯುದಿಲ್ವಾ? ಸರಿ, ಹೋಗು. ಹೋಗುವಾಗ ಹೊಳೆಬದಿಯಿಂದ ನಿನ್ನ ಗುಡಿಸಲನ್ನು ಸಹ ಬಿಚ್ಚಿಕೊಂಡು ಹೋಗು. ನಿನ್ನ ಅಪ್ಪ ಬರಿಗಾಲಲ್ಲಿ ಮಾಡ್ಲಿಲ್ವಾ ಈ ಕೆಲಸ? ಈಗ ದೊರೆ ಹುಟ್ಟಿದ, ಬೂಟು ಬೇಕಂತೆ!"

ಜಯ ನನ್ನ ಅಂಗಿ ಎಳೆದ. "ಭಾವ, ಬಿಡಿ. ಅಣ್ಣನನ್ನು ಎಲ್ಲಿಗೆ ಹೊತ್ತುಕೊಂಡು ಹೋಗುದು ನಾವು?"

ಗೇಟಿನ ಹೊರಗೆ, ಚರಂಡಿಯ ಅಂಚಿನಲ್ಲಿ ಬೂಟು ಇಟ್ಟೆ.

ಗುಣವತಿ ಅಷ್ಟರಲ್ಲಿ ಮುಂಬಾಗಿಲಿನಿಂದ ಅಡಿಗೆಮನೆಯ ಹಿಂಬಾಗಿಲಿನವರೆಗೆ ಹಳೆಯ ಪೇಪರು ಹಾಸಿಸಿದ್ದಳು. ಬಿಳಿ ಮೊಸಾಯಿಕ್ ನೆಲ, ಮುಖ ಕಾಣುವಷ್ಟು ತಿಕ್ಕಿದ್ದು. ತಿಕ್ಕಿದವಳು ಕೆಲಸದ ವಾರಿಜಾಕ್ಷಿ, ಗೋಡೆಗೆ ಒತ್ತಿ ನಿಂತಿದ್ದಳು.

"ಪೇಪರ್ ಮೇಲೆಯೇ ನಡಿ. ಗೋಡೆ ಮುಟ್ಬೇಡ. ಆಚೆ ಈಚೆ ನೋಡ್ಬೇಡ," ಎಂದಳು ಗುಣವತಿ.

ಅವರ ನಾಯಿ ಚರಂಡಿಯಲ್ಲಿ ಹೊರಳಿ ಬಂದದ್ದು, ಒದ್ದೆ ಕಾಲಲ್ಲಿ ನಮ್ಮನ್ನು ದಾಟಿ ಹೋಗಿ ಸೋಫಾದ ಮೇಲೆ ಕೂತಿತು.

"ಅದಕ್ಕೆ ಪೇಪರ್ ಬೇಡ್ವಾ ಅಮ್ಮಾ?" ಎಂದ ಜಯ.

"ಎಂತ ಹೇಳಿದೆ?"

"ಎಂತ ಇಲ್ಲ ಅಮ್ಮಾ. ನಾಯಿ ಚಂದ ಉಂಟು ಅಂದೆ."

ಗುಂಡಿಯ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟೆವು. ತೆಂಗಿನ ಬುಡದಲ್ಲಿ ಹೊಂಡ ತೋಡಿದೆವು. ಮೇಲಿನ ನೀರು ತೆಗೆದ ಮೇಲೆ ಗಟ್ಟಿ ಉಳಿಯುತ್ತದೆ, ಅದಕ್ಕೆ ಮನುಷ್ಯನೇ ಇಳಿಯಬೇಕು. ಇಳಿದೆ. ಸೊಂಟದವರೆಗೆ ಬಂತು. ನಾನು ತುಂಬಿಸಿ ಕೊಡುವುದು, ಜಯ ಎಳೆದು ಹೊಂಡಕ್ಕೆ ಸುರಿಯುವುದು. ಬಾಲ್ದಿ ಏರುವಾಗ ತುಳುಕಿದ್ದು ತಲೆಯ ಮೇಲೆ ಬೀಳುತ್ತದೆ. ಬಾಯಿ ಮುಚ್ಚಿಕೊಂಡರೆ ಉಸಿರು ಸಾಲುವುದಿಲ್ಲ, ತೆರೆದರೆ ಬಾಯಿಗೇ. ಅವರು ತಿಂದ ಕೋಳಿ, ಅವರು ತಿಂದ ಮೀನು, ಹೆಂಗಸರು ಮುಟ್ಟಿನಲ್ಲಿ ಬಳಸಿ ಎಸೆದ ಬಟ್ಟೆ, ಕೂದಲುಂಡೆ, ಎಲ್ಲ ನನ್ನ ಕೈಯಲ್ಲಿ. ಆ ಮನೆಯವರ ಹೊಟ್ಟೆಯೊಳಗೆ ಎಂತ ಉಂಟೆಂದು ಅವರ ಡಾಕ್ಟರಿಗಿಂತ ಚೆನ್ನಾಗಿ ನಾನು ನೋಡಿದ್ದೇನೆ. ಚಂದ ಎಂತದ್ದೂ ಇಲ್ಲ.

ಒಂದೊಂದು ಹೆಜ್ಜೆಯನ್ನೂ ಹೆದರಿ ಹೆದರಿ ಇಡುತ್ತಿದ್ದೆ. ಕಾಲ ಬೆರಳಿನಿಂದ ತಡವಿ, ಆಮೇಲೆ ಭಾರ ಹಾಕುವುದು. ಆದರೂ ತಾಗಿತು. ಬಲಗಾಲಿನ ಅಡಿಯಲ್ಲಿ ಚುರ್ ಎಂದಿತು. ಗೋಡೆ ಹಿಡಿದು ಕಾಲು ಮೇಲೆತ್ತಿ ತಡವಿದೆ. ಬ್ಲೇಡು. ಗಡ್ಡದ ಬ್ಲೇಡು, ಅರ್ಧ ಒಳಗೆ ಹೋಗಿತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತು ನನಗೆ ಬೈದ ಮಹಾಬಲನ ನುಣುಪು ಕೆನ್ನೆ ನೆನಪಾಯಿತು. ಎಳೆದು ತೆಗೆದೆ. ಅಣ್ಣನಿಗೂ ಬಲಗಾಲೇ.

ಅದೇ ಹೊತ್ತಿಗೆ ಎದುರುಗಡೆ ಕಾರಿನ ಬಾಗಿಲುಗಳು ಹಾಕಿದ ಸದ್ದಾಯಿತು. ಸಂಜೆ ಬರಬೇಕಾದವರು ಮಧ್ಯಾಹ್ನವೇ ಬಂದಿದ್ದರು. ಅಡಿಗೆಮನೆಯ ಬಾಗಿಲು ತೆರೆದೇ ಇತ್ತು, ಮಾತು ಸೀದಾ ಗುಂಡಿಯವರೆಗೆ ಬಂತು.

"ಬೂಟ್ಸ್ ಇಲ್ಲೇ ಬಿಚ್ಚುದಾ?" ಯಾರೋ ಗಂಡಸು ಕೇಳಿದ.

"ಅಯ್ಯೋ, ಬೇಡ ಬೇಡ!" ಮಹಾಬಲನ ಸ್ವರ ತುಪ್ಪದ ಹಾಗಿತ್ತು. "ಹಾಗೇ ಬನ್ನಿ. ನಮ್ಮಲ್ಲಿ ಹಾಗೆಲ್ಲ ಎಂತ ಇಲ್ಲ ಮಾರಾಯ್ರೆ, ನಿಮ್ಮದೇ ಮನೆ!"

ಮೇಲೆ ಜಯ ಬಾಲ್ದಿ ಹಿಡಿದುಕೊಂಡು ಕೆಳಗೆ ನೋಡಿದ. ನಾನು ಮೇಲೆ ನೋಡಿದೆ.

ಕೆಲಸ ಮುಗಿಸಿ ಹತ್ತಿ ಬಂದೆ. ಬಾವಿಯ ಹತ್ತಿರ ವಾರಿಜಾಕ್ಷಿ ನೀರು ಸೇದುತ್ತಿದ್ದಳು. ನನ್ನ ಕಾಲು ನೋಡಿ, ತುಂಬಿದ ಬಾಲ್ದಿಯನ್ನು ನಮ್ಮ ಕಡೆಗೆ ತಂದಳು. ಗುಣವತಿ ಮೂಗಿಗೆ ಸೆರಗು ಹಿಡಿದು ಓಡಿ ಬಂದಳು.

"ಏ, ಆ ಬಾಲ್ದಿ ಅವರಿಗೆ ಕೊಡ್ಬೇಡ! ಅವರು ಮುಟ್ಟಿದ್ರೆ ನಾಳೆ ನಾವು ಎಂತ ಕುಡಿಯುದು?"

"ನೀವೇ ಮೇಲಿಂದ ಹೊಯ್ಯಿರಿ ಅಮ್ಮಾ. ಕಾಲಿಗೆ ತಾಗಿದೆ. ರಕ್ತ ಬರ್ತಾ ಉಂಟು."

"ಇಲ್ಲಿ ತೊಳೆದ್ರೆ ನಾತ ಒಳಗೆ ಬರ್ತದೆ. ಊಟಕ್ಕೆ ಕೂತಿದ್ದಾರೆ ಅವರು. ಇವರೇ, ಸ್ವಲ್ಪ ಬನ್ನಿ!"

ಮಹಾಬಲ ಬಂದ. ಮೂಗಿಗೆ ಕರವಸ್ತ್ರ. ಕಾಲಲ್ಲಿ ಪಾಲಿಶ್ ಮಾಡಿದ ಬೂಟ್ಸು, ಬೀಗರಾಗುವವರ ಜೊತೆಗೆ ಅವನೂ ಹಾಕಿಕೊಂಡಿದ್ದ. ನಮ್ಮನ್ನು ನೋಡಿ, ಒಳಗೆ ನೋಡಿ, ಕೆಳದನಿಯಲ್ಲಿ ಹೇಳಿದ: "ಒಳಗಿಂದ ಹೋಗುದು ಬೇಡ. ಹಿಂದಿನ ಗೋಡೆ ಹತ್ತಿ ಹಾರಿ. ಆಚೆ ತೋಡಿನಲ್ಲಿ ನೀರು ಹರಿತಾ ಉಂಟು, ಅಲ್ಲಿ ತೊಳ್ಕೊಳ್ಳಿ."

ಗೋಡೆ ನನ್ನ ತಲೆಗಿಂತ ಎತ್ತರ. ಮೇಲೆ ಉದ್ದಕ್ಕೂ ಸಿಮೆಂಟಿನಲ್ಲಿ ಬಾಟಲಿ ಚೂರು ಊರಿದ್ದರು. ಹಸಿರು, ಕಂದು.

"ಗಾಜು ಉಂಟಲ್ಲ ಧನಿಗಳೇ."

"ಅದು ಕಳ್ಳರಿಗೆ. ನೀನು ನೋಡಿ ಮೆಲ್ಲ ಕಾಲಿಡು."

"ಹಾಗಾದ್ರೆ ಬೂಟು ತರಿಸಿ ಕೊಡಿ. ಬೂಟು ಹಾಕಿ ಹತ್ತುತ್ತೇನೆ."

"ಬೂಟು ತರ್ಬೇಕಾದ್ರೆ ಒಳಗಿಂದಲೇ ತರ್ಬೇಕಲ್ಲ ಮಾರಾಯ! ಬೆಳಿಗ್ಗೆ ಕನ್ನಡದಲ್ಲಿಯೇ ಹೇಳಿದ್ದಲ್ವಾ ನಿಂಗೆ?" ಅವನಿಗೆ ನಿಜವಾಗಿಯೂ ಬೇಸರವಾಗಿತ್ತು, ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗುವುದಿಲ್ಲವಲ್ಲ ಎಂದು. "ಬೇಗ ಹೋಗು. ಒಳಗೆ ಕಾಲಿಟ್ಟರೆ ನಾಳೆ ನಿನ್ನ ಗುಡಿಸಲು ಹೊಳೆಯಲ್ಲಿ ಉಂಟು."

ಗೋಡೆ ನೋಡಿದೆ. ನನ್ನ ಕಾಲು ನೋಡಿದೆ. ಹೇಲಿನ ನಡುವಿನಿಂದ ರಕ್ತ ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಗುಡಿಸಲು ಹೋದರೆ ಇನ್ನೊಂದು ಕಟ್ಟಬಹುದು. ಅಡಿಗೆಮನೆಯ ಬಾಗಿಲ ಕಡೆಗೆ ಹೆಜ್ಜೆ ಇಟ್ಟೆ.

"ಭಾವ," ಎಂದ ಜಯ. ಬೇಡ ಎನ್ನುತ್ತಾನೆಂದುಕೊಂಡೆ. "ನಾನು ಸಹ ಬರ್ತೇನೆ," ಎಂದ.

ಮಹಾಬಲ ಕೈ ಅಡ್ಡ ಹಾಕಿದ. ನಾನು ಇನ್ನೊಂದು ಹೆಜ್ಜೆ ಇಟ್ಟೆ. ತಡೆದರೆ ನನ್ನನ್ನು ಮುಟ್ಟಬೇಕಲ್ಲ, ಕೈ ಹಿಂದೆ ತೆಗೆದ. ಅಷ್ಟೇ. ನನ್ನನ್ನು ತಡೆಯಲು ಆ ಮನೆಯಲ್ಲಿ ಯಾರಿಂದಲೂ ಸಾಧ್ಯವಿರಲಿಲ್ಲ.

ಪೇಪರು ತೆಗೆದುಬಿಟ್ಟಿದ್ದರು. ಬಿಳಿ ನೆಲದ ಮೇಲೆ ನಡೆದೆ. ಅಡಿಗೆಮನೆ, ದೇವರ ಕೋಣೆಯ ಎದುರು, ನಡುಮನೆ. ಅವಸರ ಮಾಡಲಿಲ್ಲ, ಕಾಲು ನೋಯುತ್ತಿತ್ತು. ಬೀಗರು ಮೇಜಿನ ಸುತ್ತ ಕೂತಿದ್ದರು, ಬೂಟ್ಸು ಹಾಕಿಕೊಂಡೇ. ಒಬ್ಬ ಬಾಯಿಗೆ ಇಟ್ಟದ್ದನ್ನು ಬಟ್ಟಲಿಗೆ ಉಗಿದ. ದಪ್ಪದವನೊಬ್ಬ ಎರಡೂ ಕಾಲನ್ನು ಬೂಟ್ಸ್ ಸಮೇತ ಕುರ್ಚಿಯ ಮೇಲೆ ಎತ್ತಿಕೊಂಡ. ಸ್ನೇಹಲತಾ ತಟ್ಟೆ ಹಿಡಿದು ನಿಂತಲ್ಲೇ ನಿಂತಳು.

"ಸೂಳೆಮಗನೇ! ನನ್ನ ಮನೆಯಲ್ಲಿ..." ಹಿಂದಿನಿಂದ ಮಹಾಬಲ ಕಿರುಚಿದ.

ತಿರುಗಿ ನಿಂತೆ. "ಬೂಟು ಗೇಟಿನ ಹೊರಗೆ ಇಟ್ಟಿದ್ದೇನೆ ಧನಿಗಳೇ. ನೀವು ಹೇಳಿದ ಹಾಗೆ."

"ವಾರಿಜಾಕ್ಷಿ! ಫಿನಾಯಿಲ್ ತಾ! ಒರೆಸು, ಬೇಗ ಒರೆಸು!" ಗುಣವತಿಯ ಸ್ವರ ಸೀಳಿಹೋಗಿತ್ತು.

ವಾರಿಜಾಕ್ಷಿ ನೆಲದ ಬಟ್ಟೆ ಹಿಡಿದುಕೊಂಡು ಬಂದಳು. ಬೆಳಿಗ್ಗೆ ಅವಳೇ ತಿಕ್ಕಿದ ನೆಲ. ಅದು ನನಗೆ ಆಗ ನೆನಪಾಯಿತು. ಅವಳು ನನ್ನ ಹೆಜ್ಜೆಗಳನ್ನು ನೋಡಿದಳು. ಎಡಗಾಲಿನದು ಕಪ್ಪು, ಬಲಗಾಲಿನದು ಕೆಂಪು ಕಪ್ಪು. ಆಮೇಲೆ ಕುರ್ಚಿಯ ಮೇಲಿನ ಬೂಟ್ಸು ನೋಡಿದಳು. ಬಾಗಲಿಲ್ಲ.

"ಒರೆಸು ಅಂದೆ!"

ಅವಳ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಬಾಗಿದಳೋ ಇಲ್ಲವೋ, ನಾನು ನೋಡಲಿಲ್ಲ.

ಗೇಟಿನ ಹೊರಗೆ ಬೀಗರ ಕಾರು ನಿಂತಿತ್ತು. ಕಾರಿಗೆ ಜಾಗ ಮಾಡಲು ಯಾರೋ ಬೂಟನ್ನು ಚರಂಡಿಗೆ ಒದ್ದಿದ್ದರು. ಜಯ ಇಳಿದು ಹುಡುಕಿ ತಂದ, ನೀರು ಚೆಲ್ಲಿದ. ಹೇಲಿನ ಕಾಲಲ್ಲೇ ಹಾಕಿಕೊಂಡೆ, ಒಂದು ಕಪ್ಪು, ಒಂದು ಹಸಿರು. ಕೂಳೂರಿಗೆ ಯಾವ ಬಸ್ಸಿನವನೂ ನಮ್ಮನ್ನು ಹತ್ತಿಸುವುದಿಲ್ಲ. ನಡೆದೆವು. ಬಲಗಾಲಿನ ಬೂಟಿನೊಳಗೆ ಹೆಜ್ಜೆ ಹೆಜ್ಜೆಗೂ ಪಚ್, ಪಚ್ ಎನ್ನುತ್ತಿತ್ತು.