ವಿಜಯ ಕ್ಲಬ್ಬಿನ ಟೇಲರ್ ಮಾಸ್ತರ

ಗೋಡೆಗೆ ಒರಗಿಸಿ ಕೂರಿಸಿದ್ದ ಈರಬಸಪ್ಪನ ತಲೆ ಮತ್ತೆ ಎದೆಯ ಮೇಲೆ ವಾಲಿತು. ಶಿವಪ್ಪ ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ಇನ್ನೊಬ್ಬ ಗದ್ದದ ಕೆಳಗೆ ಬಿಳಿ ಅರಿವೆ ಕೊಟ್ಟು ಮೇಲಿನ ಗೂಟಕ್ಕೆ ಬಿಗಿದ. ಅಯ್ಯನವರು ಹಣೆ ತುಂಬ ವಿಭೂತಿ ಬಳಿದು, ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು.

ಭೀಮವ್ವ ಗಂಡನ ಎದುರಿಗೆ ಕೂತು ನೋಡುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಹೋದ ರವಿವಾರ ಮೈದಾನದ ಅಂಚಿನಲ್ಲಿ ಮಳೆಯಲ್ಲಿ ಕೂತು ಆಟ ನೋಡಿದ ಮನುಷ್ಯ ಅಲ್ಲೇ ಉರುಳಿಬಿದ್ದಿದ್ದ. ಜ್ವರ ಇಳಿಯಲೇ ಇಲ್ಲ. ಇಂದು ಬೆಳಗಿನ ಜಾವ ಉಸಿರು ನಿಂತಿತ್ತು.

"ವೈನಿ," ಎಂದು ಶಿವಪ್ಪ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಅವನು ಈರಬಸಪ್ಪನ ಚಿಕ್ಕಪ್ಪನ ಮಗ. ಸುದ್ದಿ ಕೇಳಿ ಖಡಕಿಯಿಂದ ಓಡಿ ಬಂದಿದ್ದ. "ಹೊತ್ತು ಇಳಿಯೂದ್ರಾಗ ಎತ್ತಬೇಕು. ಮಳಿ ಬರೂ ಹಂಗೈತಿ. ನಮ್ಮವರು ಅರ್ಧಮಂದಿ ಫ್ಯಾಕ್ಟರಿಗೆ ಹೋಗ್ಯಾರ, ಹೆಗಲು ಕೊಡವರು ಕಡಿಮಿ."

"ಕ್ಲಬ್ಬಿನವರು ಬಂದಾರಲ್ಲ."

"ಬಂದಾರ." ಶಿವಪ್ಪ ಬಾಗಿಲ ಕಡೆ ನೋಡಿದ. "ದಿಗಂಬರನೂ ಬಂದಾನ. ಹೊರಗ ಗಟಾರದ ಹತ್ರ ನಿಂತಾನ."

"ನಿಲ್ಲಲಿ."

"ಆ ಕುಂಟಗಾಲಿನಾಗ ಅಣ್ಣನ್ನ ಮೈದಾನದಿಂದ ಬೆನ್ನ ಮ್ಯಾಲೆ ಹೊತ್ತು ತಂದಾಂವ ಅವನ, ವೈನಿ."

"ಅಂವ ಯಾರನ್ನ ಹೊತ್ತು ತರಬೇಕಾಗಿತ್ತೋ ಅವನ್ನ ತರಲಿಲ್ಲ," ಎಂದಳು ಭೀಮವ್ವ. ದನಿ ಏರಿರಲಿಲ್ಲ. ಶಿವಪ್ಪ ಎದ್ದು ಹೋದ.

*

ಮರಾಠಿ ಸೀಮೆಯ ಆ ಊರಿನ ಸೋಮವಾರ ಪೇಟೆಯ ಈ ಗಲ್ಲಿಯಲ್ಲಿ ವಿಜಯ ಕ್ಲಬ್ಬು ಎಂದರೆ ನಗೆಯ ಮಾತು. ಹೆಸರಿಗೆ ವಿಜಯ, ಗೆದ್ದದ್ದು ಯಾರ ನೆನಪಿನಲ್ಲೂ ಇಲ್ಲ. ಫುಟ್‌ಬಾಲ್ ಆಡುವವರು ಛಾಪಖಾನೆಯಲ್ಲಿ, ಮದ್ದುಗುಂಡಿನ ಕಾರಖಾನೆಯಲ್ಲಿ ದುಡಿದು ದಣಿದು ಬಂದವರು. ಎದುರಾಳಿಗಳು ಕ್ಯಾಂಪಿನ ಪಲ್ಟಣಗಳ ಗೋರಾ ಸಿಪಾಯಿಗಳು. ಅವರ ಕಾಲಲ್ಲಿ ಬೂಟು, ಇವರದು ಬರಿಗಾಲು. ಆಟ ಮುಗಿಯುವ ಹೊತ್ತಿಗೆ ಇವರ ಹೆಬ್ಬೆರಳುಗಳು ಒಡೆದು ರಕ್ತ ಒಸರುತ್ತಿತ್ತು.

ಮೊದಮೊದಲು ಗಲ್ಲಿಯ ಮಕ್ಕಳು ನೋಡಲು ಹೋಗುತ್ತಿದ್ದವು. ಆಮೇಲೆ ಅವೂ ಮೈದಾನದ ಆಚೆ ಬದಿಗೆ, ಗೋರಾಗಳ ಕಡೆಗೆ ಸರಿದವು. ಅಲ್ಲಿ ಬ್ಯಾಂಡು ಇತ್ತು, ಗೆದ್ದಾಗ ಸಿಪಾಯಿಗಳು ಬಿಸ್ಕೀಟು ಎಸೆಯುತ್ತಿದ್ದರು. ಒಂದು ರವಿವಾರ ತಮ್ಮ ಗಲ್ಲಿಯ ಮಕ್ಕಳೇ ತಮ್ಮವರು ಬಿದ್ದಾಗ ಸಿಳ್ಳೆ ಹಾಕಿದ್ದನ್ನು ಕಂಡು ಈರಬಸಪ್ಪನಿಗೆ ಊಟ ಸೇರಲಿಲ್ಲ. ತಾನು ಒಂದು ದಿನವೂ ಚೆಂಡು ಒದ್ದವನಲ್ಲ. ಕ್ಲಬ್ಬಿನ ಅಂಗಿಗಳನ್ನು ಹೊಲಿದುಕೊಟ್ಟಿದ್ದ, ಅಷ್ಟೇ.

ಮರುದಿನ ಅವನು ಮಕ್ಕಳನ್ನೆಲ್ಲ ತನ್ನ ಹೊಲಿಗೆ ಯಂತ್ರದ ಸುತ್ತ ಕೂಡಿಸಿದ. ಭೀಮವ್ವ ಒಂದು ಬುಟ್ಟಿ ಚುರುಮುರಿ ಕಲೆಸಿ ತಂದಿಟ್ಟಳು. ಅವಳಿಗೂ ಆಗ ಇದೆಲ್ಲ ಚಂದವೆನಿಸಿತ್ತು. ಈರಬಸಪ್ಪ ಒಬ್ಬೊಬ್ಬ ಮಗುವಿಗೂ ಒಬ್ಬೊಬ್ಬ ಆಟಗಾರನನ್ನು ಹಂಚಿದ.

"ಇಂದಿನಿಂದ ಅಂವ ನಿಮ್ಮಾಂವ," ಎಂದ. "ನಿಂಬಿಹಣ್ಣು ಒಯ್ದು ಕೊಡೂದು ನೀವ. ಕಾಲಿಗೆ ಅರಿಶಿಣ ಹಚ್ಚೂದು ನೀವ. ಸೋತ ದಿನ ಅವನ ಕೂಡ ಮನಿತನಕ ನಡಕೊಂತ ಹೋಗಬೇಕು. ಗೆದ್ದ ದಿನ ಬ್ಯಾಡ. ಗೆದ್ದಾಂವನ ಹಿಂದ ಊರೆಲ್ಲಾ ಇರತೈತಿ."

ಎಲ್ಲರೂ ಗೋಲು ಹೊಡೆಯುವವರನ್ನು ಬೇಡಿದರು. ಕೊನೆಗೆ ಉಳಿದವನು ಗೋಲು ಕಾಯುವ ದಿಗಂಬರ, ಸೊಲ್ಲಾಪುರದ ಕಡೆಯ ಹುಡುಗ. ಇವನ ಕೈಸಂದಿಯಿಂದಲೇ ಚೆಂಡೆಲ್ಲ ಒಳಗೆ ಹೋಗುತ್ತದೆಂದು ಯಾರಿಗೂ ಅವನು ಬೇಡವಾಗಿದ್ದ. ಈರಬಸಪ್ಪ ತನ್ನ ಮಗ ಗುರುಸಿದ್ಧನ ಕಡೆ ತಿರುಗಿದ.

"ನೀ ತಗೋ."

"ನಾ ಒಲ್ಲೆ ಅಪ್ಪಾ," ಎಂದು ಗುರುಸಿದ್ಧ ಅತ್ತೇಬಿಟ್ಟ.

"ನಮ್ಮ ಮನಿ ಹುಡುಗ ನೀನು. ಯಾರೂ ಒಲ್ಲದಾಂವನ್ನ ನೀ ತಗೋಬೇಕು."

ಆ ವರ್ಷವೂ ಕ್ಲಬ್ಬು ಸೋತಿತು, ಮರುವರ್ಷವೂ ಸೋತಿತು. ಆದರೆ ಮಕ್ಕಳು ಮಾತ್ರ ಆಚೆ ಬದಿಗೆ ಹೋಗಲಿಲ್ಲ. ರವಿವಾರ ಸಂಜೆ ಕುಂಟುತ್ತ ಬರುವ ಗಂಡಸರ ಪಕ್ಕದಲ್ಲಿ ಒಂದೊಂದು ಮಗು ನಡೆದುಬರುವುದನ್ನು ಗಲ್ಲಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅತ್ತು ಒಪ್ಪಿಕೊಂಡ ಗುರುಸಿದ್ಧ ದಿಗಂಬರನನ್ನು ಬಿಟ್ಟು ಇರಲಾರದಾದ. ಒಮ್ಮೆ ಚೆಂಡು ಹಿಡಿಯಲು ಹಾರಿ ದಿಗಂಬರನ ಹಲ್ಲು ಮುರಿದಾಗ, ಗುರುಸಿದ್ಧ ಇಡೀ ದಿನ ಬಾಯಿಗೆ ಅನ್ನ ಹಾಕಿರಲಿಲ್ಲ.

*

ಬಿದಿರಿನ ಮಂಟಪದಂಥ ವಿಮಾನ ಕಟ್ಟಿ, ಹೂ ಸುತ್ತಿ, ಈರಬಸಪ್ಪನನ್ನು ಅದರಲ್ಲಿ ಕೂರಿಸಿ ಎತ್ತಿದರು. ಮುಂದೆ ಭಜನೆಯವರು, ಹಿಂದೆ ಭೀಮವ್ವ ಮತ್ತು ಹೆಂಗಸರು. ದಿಗಂಬರ ಎಲ್ಲರಿಗಿಂತ ಹಿಂದೆ ಕಾಲೆಳೆಯುತ್ತ ಬರುತ್ತಿದ್ದ. ಬರ್ಮಾದ ಯುದ್ಧದಲ್ಲಿ ಅವನ ಬಲಪಾದದ ಮುಂಭಾಗ ಹೋಗಿತ್ತು.

ಹೊತ್ತವರು ಹೆಜ್ಜೆ ಹಾಕಿದಂತೆಲ್ಲ ಈರಬಸಪ್ಪನ ತಲೆ ಮೆಲ್ಲಗೆ ಅಲ್ಲಾಡುತ್ತಿತ್ತು. ಮುಖ ಎರಡೂ ಬದಿಯ ಮನೆಗಳ ಕಿಟಕಿಗಳಿಗೆ ಸರಿಸಮವಾಗಿ ಸಾಗುತ್ತಿತ್ತು. ಒಂದು ಜಗಲಿಯ ಮೇಲಿದ್ದ ಎರಡು ಮಕ್ಕಳನ್ನು ಅವರ ತಾಯಿ ರಟ್ಟೆ ಹಿಡಿದು ಒಳಗೆಳೆದು ಬಾಗಿಲು ಹಾಕಿದಳು. ಮುಂದಿನ ಮನೆಯ ಬಾಗಿಲೂ ಮುಚ್ಚಿತು.

"ಹೆಣಕ್ಕ ಅಂಜಿ ಅಲ್ಲ," ಎಂದು ಹಿಂದೆ ಒಬ್ಬಳು ಪಿಸುಗುಟ್ಟಿದಳು. "ಈ ಮಾಸ್ತರಗ ಅಂಜಿ."

"ಸುಮ್ಮನಿರು. ಅಕಿಗಿ ಕೇಳಸ್ತೈತಿ."

ಭೀಮವ್ವನಿಗೆ ಕೇಳಿಸಿತ್ತು. ಪಕ್ಕದ ಮನೆಯ ರಂಗೂಬಾಯಿ ಅವಳ ತೋಳು ಹಿಡಿದುಕೊಂಡಳು. ಮರಾಠಿ ಹೆಂಗಸು, ಇಷ್ಟು ವರ್ಷದ ನೆರೆಯಲ್ಲಿ ಕನ್ನಡ ಕಲಿತಿದ್ದಳು. "ಚಲಾ, ವಹಿನಿ. ಅವರ ಮಾತು ಕೇಳಬ್ಯಾಡ್ರಿ."

"ಅವರು ಸುಳ್ಳೇನೂ ಹೇಳವಲ್ರು," ಎಂದಳು ಭೀಮವ್ವ.

*

ಯುದ್ಧ ಜೋರಾದಾಗ ಕ್ಲಬ್ಬಿನ ಅರ್ಧ ಜನ ಫೌಜಿಗೆ ಸೇರಿದರು. ದಿಗಂಬರನ ಕೆಲಸ ಹೋಗಿತ್ತು. ಅವನೂ ಹೆಸರು ಹಚ್ಚಿದ. ಗುರುಸಿದ್ಧನಿಗೆ ಆಗ ಮೀಸೆ ಚಿಗುರುತ್ತಿತ್ತು. ವಯಸ್ಸು ಹೆಚ್ಚು ಹೇಳಿ ತಾನೂ ಭರ್ತಿಯಾಗಿ ಮನೆಗೆ ಬಂದ.

ಭೀಮವ್ವ ಮಗನ ಕಾಲು ಹಿಡಿದುಕೊಂಡಳು. ಈರಬಸಪ್ಪ ಯಂತ್ರದ ಮುಂದಿನಿಂದ ಎದ್ದು ಬಂದ.

"ಸಾಹೇಬನ ಹತ್ರ ಹೋಗಿ ನಿನ್ನ ಖರೇ ವಯಸ್ಸು ಹೇಳ್ತೀನಿ ನಾನು. ನಡಿ."

"ದಿಗ್ಯಾ ಒಬ್ಬನ ಹೊಂಟಾನ ಅಪ್ಪಾ," ಎಂದ ಗುರುಸಿದ್ಧ. "ಅವಗ ಹಿಂದ ಮುಂದ ಯಾರೂ ಇಲ್ಲ. ಸೋತಾಂವನ್ನ ಬಿಡಬಾರದು ಅಂತ ನೀನ ಹೇಳಿದ್ದಿ."

ಈರಬಸಪ್ಪ ಟೋಪಿ ಹಾಕಿಕೊಂಡು ಹೊರಬಿದ್ದವನು ಗಲ್ಲಿಯ ಕೊನೆಯವರೆಗೆ ಹೋಗಿ, ಅಲ್ಲಿ ನಿಂತು, ತಿರುಗಿ ಬಂದ. ಸಾಹೇಬನ ಹತ್ತಿರ ಹೋಗಲಿಲ್ಲ. ಭೀಮವ್ವ ಆ ದಿನದಿಂದ ಅವನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ಮಗ ಸತ್ತ ಸುದ್ದಿ ಬಂದದ್ದು ಮರುವರ್ಷದ ಮಳೆಗಾಲದಲ್ಲಿ. ಎಲ್ಲಿ, ಹೇಗೆ, ಏನೂ ಇಲ್ಲ. ದಿಗಂಬರ ಆಸ್ಪತ್ರೆಯಿಂದ ಕೋಲು ಹಿಡಿದು ಹಿಂತಿರುಗಿ ಮೊದಲು ಬಂದದ್ದು ಇವರ ಮನೆಗೇ. ಭೀಮವ್ವ ಅವನ ಮುಖದ ಮೇಲೆ ಬಾಗಿಲು ಹಾಕಿದಳು.

ಗಲ್ಲಿಯವರು ಮಕ್ಕಳನ್ನು ಮೈದಾನಕ್ಕೆ ಕಳಿಸುವುದನ್ನು ನಿಲ್ಲಿಸಿದರು. ಮಾಸ್ತರನ ಬೆನ್ನುಹತ್ತಿದ ಹುಡುಗ ಬರ್ಮಾ ಸೇರುತ್ತಾನೆ ಎಂಬ ಮಾತು ಹುಟ್ಟಿತು. ಆದರೂ ಈರಬಸಪ್ಪ ರವಿವಾರ ಬಂದರೆ ಮನೆ ಮನೆಯ ಮುಂದೆ ನಿಂತು, "ಹುಡುಗರನ್ನ ಕಳಸ್ರಿ, ಸಂಜಿಕ ನಾನ ತಂದು ಬಿಡ್ತೀನಿ" ಎನ್ನುತ್ತಿದ್ದ. ಒಬ್ಬಳು ಕಸಬರಿಗೆ ಎತ್ತಿ ತೋರಿಸಿದಳು. ಇನ್ನೊಂದು ಮನೆಯಲ್ಲಿ, "ನಿಮ್ಮ ಮಗನ್ನ ಕೊಟ್ಟದ್ದು ಸಾಲದೇನು?" ಎಂದು ಗಂಡಸೊಬ್ಬ ಕೇಳಿದ. ಈರಬಸಪ್ಪ ತಲೆತಗ್ಗಿಸಿ ಮುಂದಿನ ಮನೆಗೆ ಹೋದ.

"ಯಾಕ ಹೋಗ್ತೀರಿ?" ಎಂದು ಭೀಮವ್ವ ಒಮ್ಮೆ ತಡೆಯಲಾರದೆ ಕೇಳಿದ್ದಳು. "ಇನ್ನೂ ಯಾರ ಮನಿ ಹಾಳಾಗಬೇಕು?"

ಅವನು ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತಲೇ ಇದ್ದ. ದಾರ ಸೇರಲಿಲ್ಲ.

"ಅವರು ಇನ್ನೂ ಆಡ್ತಾರ," ಎಂದ ಕೊನೆಗೆ. "ಸೋಲಾಕರೆ ನಮ್ಮವರು ಯಾರರ ಮುಂದ ಇರಬೇಕಲ್ಲ."

ಆಮೇಲೆ ಒಬ್ಬನೇ ಹೋಗತೊಡಗಿದ. ಬಿಸಿಲೋ ಮಳೆಯೋ, ಮೈದಾನದ ಅಂಚಿನಲ್ಲಿ ಅವನೂ, ಅವನ ಪಕ್ಕ ಕಾಲು ಚಾಚಿಕೊಂಡು ದಿಗಂಬರನೂ ಕೂತಿರುತ್ತಾರೆಂದು ಭೀಮವ್ವನಿಗೆ ಬೇರೆಯವರಿಂದ ತಿಳಿದಿತ್ತು. ಗಂಡ ಹೇಳಲಿಲ್ಲ, ಅವಳು ಕೇಳಲಿಲ್ಲ.

*

ಮಳೆ ಹಿಡಿದಿತ್ತು. ರುದ್ರಭೂಮಿಯಲ್ಲಿ ತೋಡಿದ ಕುಣಿಯೊಳಗೆ ಆಗಲೇ ನೀರು ಜಿನುಗುತ್ತಿತ್ತು. ಕ್ಲಬ್ಬಿನವರಿಬ್ಬರು ಇಳಿದು ಬಟ್ಟಲಿನಿಂದ ಮೊಗೆದು ಚೆಲ್ಲಿದರು. ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಈರಬಸಪ್ಪನನ್ನು ಕೂರಿಸಿ, ಉಪ್ಪು ಸುರಿದು, ಬಿಲ್ವಪತ್ರೆ ಏರಿಸಿ, ಅಯ್ಯನವರು ಮಂತ್ರ ಮುಗಿಸಿದರು.

"ಮೊದಲ ಮಣ್ಣು ಯಾರು ಕೊಡ್ತೀರಿ? ಮಗ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಶಿವಪ್ಪ ಮುಂದೆ ಬಂದ. ಭೀಮವ್ವ ಕೈ ಅಡ್ಡ ಹಿಡಿದಳು.

"ತಡಿ, ಶಿವಪ್ಪಾ." ಅವಳು ಹಿಂದೆ ತಿರುಗಿ ನೋಡಿದಳು. ದಿಗಂಬರ ಬೇಲಿಯ ಹತ್ತಿರ ನಿಂತಿದ್ದ. "ಬಾ ಇಲ್ಲಿ."

ಅವನು ಕೋಲೂರಿಕೊಂಡು ಬಂದ. ಮಂದಿ ದಾರಿ ಬಿಟ್ಟರು.

"ಗುರುಸಿದ್ಧ ಹ್ಯಾಂಗ ಹೋದ?"

ದಿಗಂಬರ ಕುಣಿಯ ಕಡೆ ನೋಡಿದ. "ಮಾಸ್ತರಗ ಎಲ್ಲಾ ಹೇಳೀನಿ ಕಾಕೂ. ನಿಮಗ ತಾವ ಹೇಳ್ತೀನಿ ಅಂದಿದ್ರು."

"ಅವರು ಹೇಳಲಿಲ್ಲ. ನೀ ಹೇಳು."

"ಅವಗ ಆಮಶಂಕಿ ಹತ್ತಿತ್ರಿ, ರಕ್ತಭೇದಿ. ಅಡವಿ ಹಾದಿ, ಮಳಿ. ದವಾ ಇರಲಿಲ್ಲ. ನನ್ನ ಕಾಲಿಗೆ ಪೆಟ್ಟಾಗಿ ಎಚ್ಚರ ಇರಲಿಲ್ಲ, ಸ್ಟ್ರೆಚರ್ ಮ್ಯಾಲೆ ಹಾಕಿ ಒಯ್ದರು. ಅಂವ ನನ್ನ ಬಾಜೂಕ ನಡಕೊಂತ ಬರಾಕತ್ತಿದ್ನಂತ, ಹೊತ್ತವರು ಹೇಳಿದ್ರು. ಎಷ್ಟು ಹೇಳಿದ್ರೂ ಹಿಂದ ಉಳೀಲಿಲ್ಲಂತ. ಆಮ್ಯಾಲೆ ಕುಂತುಬಿಟ್ಟ. ಒಂದು ಗಿಡಕ್ಕ ಒರಗಿ."

"ಹ್ಯಾಂಗ ಕುಂತಿದ್ದ?"

ದಿಗಂಬರ ಬೆರಳಿನಿಂದ ಕುಣಿಯೊಳಗೆ ತೋರಿಸಿದ. "ಹೀಂಗ, ಕಾಕೂ. ಹೊಳ್ಳಿ ನೋಡಿದಾಗ ಹೀಂಗ ಇದ್ದನಂತ."

"ಮಣ್ಣು ಯಾರು ಕೊಟ್ರು?"

ಅವನು ತಲೆ ಅಲ್ಲಾಡಿಸಿದ. ಕುಣಿಯ ಅಂಚಿನ ಕೆಸರು ಸಣ್ಣ ಸಣ್ಣ ಹೆಂಟೆಯಾಗಿ ಒಳಗೆ ಬೀಳುತ್ತಿತ್ತು.

ಈ ಮಾತನ್ನು ಗಂಡ ಎಷ್ಟು ರವಿವಾರ ಹೊತ್ತುಕೊಂಡು ಮನೆಗೆ ಬಂದಿರಬೇಕು, ತಾನು ತಟ್ಟೆ ಮುಂದಿಟ್ಟು ಎದ್ದು ಹೋಗುತ್ತಿದ್ದೆನಲ್ಲ ಎಂದು ಭೀಮವ್ವನಿಗೆ ಅನಿಸಿತು. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ದಿಗಂಬರನ ಕಡೆ ಚಾಚಿದಳು.

"ಹಿಡಿ."

"ತಾಯಿ, ಇಂವ ನಮ್ಮಾಂವ ಅಲ್ಲ," ಎಂದರು ಅಯ್ಯನವರು ಮೆಲ್ಲಗೆ.

"ಗೊತ್ತೈತ್ರಿ," ಎಂದಳು ಭೀಮವ್ವ. ಕೈ ಹಿಂದೆ ತೆಗೆಯಲಿಲ್ಲ. "ಅವಗ ಕೊಡಾಕ ಆಗಲಿಲ್ಲ. ಇವರಿಗರೆ ಕೊಡು."

ದಿಗಂಬರ ಕೋಲನ್ನು ನೆಲಕ್ಕೆ ಬಿಟ್ಟು ಎರಡೂ ಕೈ ಒಡ್ಡಿ ಮಣ್ಣು ತೆಗೆದುಕೊಂಡ. ಕುಣಿಯ ಅಂಚಿನಲ್ಲಿ ಮೊಣಕಾಲೂರಿ, ಈರಬಸಪ್ಪನ ಮಡಿಲಿಗೆ ಹಾಕಿದ. ಆಮೇಲೆ ಉಳಿದವರು ಹಾಕತೊಡಗಿದರು. ವಿಭೂತಿ ಬಳಿದ ಹಣೆ ಎಲ್ಲಕ್ಕಿಂತ ಕೊನೆಗೆ ಮುಚ್ಚಿತು. ಆಗ ಭೀಮವ್ವ ಅತ್ತಳು. ಯಾರಿಗಾಗಿ ಅಳುತ್ತಿದ್ದಾಳೆಂದು ರಂಗೂಬಾಯಿ ಕೇಳಲಿಲ್ಲ.

*

ಹೆಂಗಸರು ತಿರುಗಿ ಗಲ್ಲಿಗೆ ಬಂದಾಗ ಮಳೆ ನಿಂತು ಹೊಳವಾಗಿತ್ತು. ಯುದ್ಧ ಮುಗಿದು ಬಹಳ ದಿನವಾಗಿರಲಿಲ್ಲ. ಕ್ಯಾಂಪಿನ ಕಡೆ ಇನ್ನೂ ಪಟಾಕಿ ಸಿಡಿಯುತ್ತಿದ್ದವು. ಹೆಣ ದಾಟಿಹೋದದ್ದೇ ಬಾಗಿಲುಗಳೆಲ್ಲ ತೆರೆದು, ಮಕ್ಕಳು ಹೊರಗೆ ಬಂದಿದ್ದವು. ಯುದ್ಧದಾಟದಲ್ಲಿ ಅರ್ಧ ಮಕ್ಕಳು ಜಪಾನಿನವರು, ಅರ್ಧ ಹಿಂದುಸ್ತಾನದವರು. ಜಗಲಿಯ ಕಂಬಗಳ ಮರೆಯಿಂದ ಕಟ್ಟಿಗೆ ತುಂಡುಗಳನ್ನು ಗುರಿಯಿಟ್ಟು ಬಾಯಲ್ಲೇ ಗುಂಡು ಹಾರಿಸುತ್ತಿದ್ದವು.

ಭೀಮವ್ವನ ಮನೆಯ ಮುಂದೆ, ಸರಿಯಾಗಿ ದಾರಿಗೆ ಅಡ್ಡಲಾಗಿ, ಒಬ್ಬ ಹುಡುಗ ಗುಂಡು ತಗಲಿ ಬಿದ್ದಿದ್ದ. ಕೈಕಾಲು ಚೆಲ್ಲಿ, ಬಾಯಿ ತೆರೆದು, ಕೆಸರಿನಲ್ಲಿ ಅಂಗಾತ ಮಲಗಿದ್ದ.

"ಅರೇ ಊಠ್!" ಎಂದು ರಂಗೂಬಾಯಿ ಗದರಿದಳು. "ದಾರಿ ಬಿಡು, ಏಳು!"

ಹುಡುಗ ಮಿಸುಕಲಿಲ್ಲ. ಭೀಮವ್ವ ರಂಗೂಬಾಯಿಯ ಕೈ ಒತ್ತಿ ಹಿಡಿದಳು.

"ಇರಲಿ ಬಿಡ್ರಿ."

ಹುಡುಗ ಒಂದು ಕಣ್ಣನ್ನು ಅರೆ ತೆರೆದು, ಎದುರಿಗೆ ನಿಂತ ಹೆಂಗಸರ ಪಾದಗಳನ್ನು ನೋಡಿ, ಮತ್ತೆ ಗಟ್ಟಿಯಾಗಿ ಮುಚ್ಚಿಕೊಂಡ. ಭೀಮವ್ವ ಅವನ ತಲೆಯ ಹತ್ತಿರ, ಸೆರಗಿನಿಂದ ನೀರು ತೊಟ್ಟಿಕ್ಕುತ್ತಿದ್ದಂತೆ, ಅವನು ಏಳುವುದನ್ನೇ ಕಾಯುತ್ತ ನಿಂತಳು.